ಮಿಜೋ ಬೆಟ್ಟಗಳ ಗ್ರಾಮ ಗುಂಪುಗೂಡಿಕೆ

ಮಿಜೋ ಬೆಟ್ಟಗಳ ಗ್ರಾಮ ಗುಂಪುಗೂಡಿಕೆ ಎಂಬುದು ಈಶಾನ್ಯ ಭಾರತದ ಇಂದಿನ ಮಿಜೋರಾಂ ರಾಜ್ಯದಲ್ಲಿ 1967ರಿಂದ 1970ರ ದಶಕದ ಆರಂಭದವರೆಗೆ ನಡೆದ ಸಾಮೂಹಿಕ ಸ್ಥಳಾಂತರ ಕಾರ್ಯಾಚರಣೆಯಾಗಿದೆ. ಆಗ ಅಸ್ಸಾಂ ರಾಜ್ಯದ ಭಾಗವಾಗಿದ್ದ ಮಿಜೋ ಜಿಲ್ಲೆಯ ನೂರಾರು ಹಳ್ಳಿಗಳ ಜನರನ್ನು ಅವರ ಮೂಲ ನೆಲೆಗಳಿಂದ ಎಬ್ಬಿಸಿ, ಸೇನೆಯ ಕಾವಲಿದ್ದ ಕೇಂದ್ರಗಳಲ್ಲಿ ಒಟ್ಟುಗೂಡಿಸಲಾಯಿತು. ಸಶಸ್ತ್ರ ಬಂಡುಕೋರರಿಗೆ ಹಳ್ಳಿಗಳಿಂದ ದೊರೆಯುತ್ತಿದ್ದ ಆಹಾರ, ಆಶ್ರಯ ಮತ್ತು ಮಾಹಿತಿಯನ್ನು ಕಡಿದುಹಾಕುವುದು ಇದರ ಘೋಷಿತ ಉದ್ದೇಶವಾಗಿತ್ತು. ಜಿಲ್ಲೆಯ ಜನಸಂಖ್ಯೆಯ ಸುಮಾರು ಐದರಲ್ಲಿ ನಾಲ್ಕು ಪಾಲು ಈ ಯೋಜನೆಗೆ ಒಳಪಟ್ಟಿತೆಂದು ಅಂದಾಜಿಸಲಾಗಿದೆ. ಮಿಜೋ ಭಾಷೆಯಲ್ಲಿ ಈ ಒಟ್ಟುಗೂಡಿಸಿದ ಹಳ್ಳಿಗಳನ್ನು 'ಖಾಖೋಮ್' ಎಂದೂ, ಬಂಡಾಯ ಮತ್ತು ಸೈನಿಕ ಕಾರ್ಯಾಚರಣೆಯ ಇಡೀ ಕಾಲವನ್ನು 'ರಾಮ್‌ಬುಆಯ್' (ಕದಡಿದ ನಾಡು) ಎಂದೂ ಕರೆಯುತ್ತಾರೆ.

ಬುಡಕಟ್ಟು ಸಮುದಾಯಗಳ ಮೇಲೆ ಸೈನಿಕ ಕಾರ್ಯಾಚರಣೆಗಳು ಬೀರುವ ಪರಿಣಾಮಗಳ ಅಧ್ಯಯನದಲ್ಲಿ ಈ ಪ್ರಕರಣಕ್ಕೆ ವಿಶೇಷ ಸ್ಥಾನವಿದೆ. ಇಲ್ಲಿನ ದೀರ್ಘಕಾಲೀನ ಹಾನಿಯು ಕಾಳಗದಿಂದ ಆದುದಕ್ಕಿಂತ ಹೆಚ್ಚಾಗಿ ಜನರನ್ನು ಅವರ ಬೇಸಾಯದ ನೆಲದಿಂದ ಬೇರ್ಪಡಿಸಿದ್ದರಿಂದ ಆದುದಾಗಿದೆ.

ಹಿನ್ನೆಲೆ

ಜನ ಮತ್ತು ನೆಲ

ಮಿಜೋ ಜನರು ಬರ್ಮಾ (ಮ್ಯಾನ್ಮಾರ್) ಮತ್ತು ಬಾಂಗ್ಲಾದೇಶಗಳ ನಡುವಿನ ಕಡಿದಾದ ಬೆಟ್ಟಸಾಲುಗಳಲ್ಲಿ ನೆಲೆಸಿದವರು. ಅವರ ಹಳ್ಳಿಗಳು ಸಾಮಾನ್ಯವಾಗಿ ಬೆಟ್ಟದ ನೆತ್ತಿಯ ಮೇಲೆ ಇರುತ್ತಿದ್ದವು. ಜೀವನಾಧಾರವಾಗಿದ್ದುದು ಝೂಮ್ ಬೇಸಾಯ. ಪಶ್ಚಿಮ ಘಟ್ಟಗಳಲ್ಲಿ ಕುಮರಿ ಬೇಸಾಯವೆಂದು ಕರೆಯಲಾಗುತ್ತಿದ್ದ ಪದ್ಧತಿಯನ್ನು ಇದು ಹೋಲುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಕಾಡಿನ ಒಂದು ತುಂಡನ್ನು ಕಡಿದು ಒಣಗಲು ಬಿಟ್ಟು, ಮಾರ್ಚ್ ಸುಮಾರಿಗೆ ಸುಟ್ಟು, ಮಳೆಯ ಆರಂಭದಲ್ಲಿ ಭತ್ತ ಹಾಗೂ ತರಕಾರಿಗಳನ್ನು ಬಿತ್ತಿ, ವರ್ಷದ ಕೊನೆಯಲ್ಲಿ ಕೊಯ್ಲು ಮಾಡಲಾಗುತ್ತಿತ್ತು. ಒಮ್ಮೆ ಬೆಳೆ ತೆಗೆದ ಜಾಗವನ್ನು ಹಲವು ವರ್ಷ ಬೀಳುಬಿಟ್ಟು ಕಾಡು ಮರಳಿ ಬೆಳೆಯಲು ಅವಕಾಶ ನೀಡಲಾಗುತ್ತಿತ್ತು. ಹೀಗಾಗಿ ಒಂದು ಹಳ್ಳಿಗೆ ಅದರ ಮನೆಗಳು ನಿಂತ ಜಾಗಕ್ಕಿಂತ ಅನೇಕ ಪಟ್ಟು ಹೆಚ್ಚಿನ ಕಾಡುಭೂಮಿ ಬೇಕಾಗುತ್ತಿತ್ತು. ಹೊಲಗಳು ದೂರವಿದ್ದುದರಿಂದ ಕೃಷಿಕ ಕುಟುಂಬಗಳು ಕೆಲಸದ ದಿನಗಳಲ್ಲಿ ಹೊಲದಲ್ಲೇ ಕಟ್ಟಿದ 'ಥ್ಲಾಮ್' ಎಂಬ ಗುಡಿಸಲುಗಳಲ್ಲಿ ತಂಗುವುದು ವಾಡಿಕೆಯಾಗಿತ್ತು.

ಬ್ರಿಟಿಷರು 19ನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶವನ್ನು ವಶಪಡಿಸಿಕೊಂಡು ಲುಷಾಯ್ ಬೆಟ್ಟಗಳೆಂಬ ಹೆಸರಿನಲ್ಲಿ ಆಳಿದರು. ಸ್ವಾತಂತ್ರ್ಯಾನಂತರ ಇದು ಅಸ್ಸಾಂ ರಾಜ್ಯದ ಸ್ವಾಯತ್ತ ಜಿಲ್ಲೆಯಾಯಿತು. 1954ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದಕ್ಕೆ ಮಿಜೋ ಜಿಲ್ಲೆ ಎಂದು ಮರುನಾಮಕರಣ ಮಾಡಲಾಯಿತು. ಅದೇ ದಶಕದಲ್ಲಿ ಪಾರಂಪರಿಕ ಮುಖ್ಯಸ್ಥರ ಅಧಿಕಾರ ರದ್ದಾಗಿ, ಚುನಾಯಿತ ಗ್ರಾಮ ಮಂಡಳಿಗಳು ಅಸ್ತಿತ್ವಕ್ಕೆ ಬಂದವು.

ಮೌತಾಮ್ ಬರಗಾಲ

ಈ ಬೆಟ್ಟಗಳಲ್ಲಿ ವ್ಯಾಪಕವಾಗಿ ಬೆಳೆಯುವ ಒಂದು ಜಾತಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಡುತ್ತದೆ. ಅದರ ಹಣ್ಣನ್ನು ತಿಂದು ಇಲಿಗಳ ಸಂಖ್ಯೆ ವಿಪರೀತವಾಗಿ ಹೆಚ್ಚುತ್ತದೆ. ಬಿದಿರಿನ ಹಣ್ಣು ಮುಗಿದ ಮೇಲೆ ಅವು ಬೆಳೆ ಮತ್ತು ಕಣಜಗಳ ಮೇಲೆ ದಾಳಿಯಿಡುತ್ತವೆ. 'ಮೌತಾಮ್' ಎಂದು ಕರೆಯಲಾಗುವ ಈ ಬರಗಾಲವು 1959ರಲ್ಲಿ ಮರುಕಳಿಸಿತು. ಪರಿಹಾರ ಕಾರ್ಯ ಸಾಲದೆಂಬ ಅಸಮಾಧಾನದ ನಡುವೆ, ಹಸಿದವರಿಗೆ ಅಕ್ಕಿ ತಲುಪಿಸಲು ಲಾಲ್‌ಡೆಂಗಾ ಅವರ ನೇತೃತ್ವದಲ್ಲಿ ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್ ರೂಪುಗೊಂಡಿತು. 1960ರಲ್ಲಿ ಅಸ್ಸಾಮಿ ಭಾಷೆಯನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಮಾಡಿದ ಕಾಯ್ದೆಯು ಗುಡ್ಡಗಾಡು ಜಿಲ್ಲೆಗಳಲ್ಲಿ ಅತೃಪ್ತಿಯನ್ನು ಇನ್ನಷ್ಟು ಹೆಚ್ಚಿಸಿತು. 1961ರ ಅಕ್ಟೋಬರ್ 22ರಂದು ಈ ಸಂಘಟನೆಯು ಹೆಸರಿನಿಂದ ಬರಗಾಲವೆಂಬ ಪದವನ್ನು ಕೈಬಿಟ್ಟು ಮಿಜೋ ನ್ಯಾಷನಲ್ ಫ್ರಂಟ್ (ಎಂ.ಎನ್.ಎಫ್.) ಎಂಬ ರಾಜಕೀಯ ಪಕ್ಷವಾಯಿತು.

1966ರ ಬಂಡಾಯ ಮತ್ತು ವಾಯುದಾಳಿ

1966ರ ಫೆಬ್ರವರಿ 28ರ ರಾತ್ರಿ ಎಂ.ಎನ್.ಎಫ್. ಸಶಸ್ತ್ರ ದಂಗೆಯನ್ನು ಆರಂಭಿಸಿ, ಮಾರುದಿನ ಸ್ವಾತಂತ್ರ್ಯ ಘೋಷಿಸಿತು. ಐಜ್ವಾಲ್, ಲುಂಗ್ಲೈ ಮತ್ತು ಚಂಫೈಗಳಲ್ಲಿದ್ದ ಸರ್ಕಾರಿ ನೆಲೆಗಳ ಮೇಲೆ ದಾಳಿಗಳಾದವು. ಸರ್ಕಾರವು ಮಾರ್ಚ್ 2ರಂದು ಜಿಲ್ಲೆಯನ್ನು ಗಲಭೆಗ್ರಸ್ತ ಪ್ರದೇಶವೆಂದು ಘೋಷಿಸಿ, 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಜಾರಿಗೊಳಿಸಿತು. ಎಂ.ಎನ್.ಎಫ್. ಅನ್ನು ನಿಷೇಧಿಸಲಾಯಿತು.

ಮಾರ್ಚ್ 5ರಂದು ಭಾರತೀಯ ವಾಯುಪಡೆಯ ಯುದ್ಧವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ದಾಳಿ ನಡೆಸಿದವು. ಪಟ್ಟಣದ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ನಿವಾಸಿಗಳು ಸುತ್ತಲಿನ ಕಾಡು ಮತ್ತು ಹಳ್ಳಿಗಳಿಗೆ ಓಡಿಹೋದರು. ವಿಮಾನಗಳನ್ನು ಸೈನಿಕರಿಗೆ ಸಾಮಗ್ರಿ ಒದಗಿಸಲು ಬಳಸಲಾಯಿತೆಂಬುದು ಆ ಕಾಲದ ಸರ್ಕಾರದ ನಿಲುವಾಗಿತ್ತು. ಸ್ವತಂತ್ರ ಭಾರತವು ತನ್ನ ನೆಲದ ನಾಗರಿಕ ವಸತಿಯ ಮೇಲೆ ವಾಯುಪಡೆಯನ್ನು ಪ್ರಯೋಗಿಸಿದ ಘಟನೆಯಾಗಿ ಇದು ಚರ್ಚೆಯಲ್ಲಿ ಉಳಿದಿದೆ. 2023ರ ಆಗಸ್ಟ್‌ನಲ್ಲಿ ಲೋಕಸಭೆಯ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿಯೂ ಇದು ಪ್ರಸ್ತಾಪವಾಯಿತು. ಮಿಜೋರಾಂನಲ್ಲಿ ಮಾರ್ಚ್ 5 ಅನ್ನು 'ಝೋರಾಮ್ ನಿ' ಎಂಬ ಹೆಸರಿನಲ್ಲಿ ಸ್ಮರಿಸಲಾಗುತ್ತದೆ.

ಸೇನೆಯು ಕೆಲವೇ ವಾರಗಳಲ್ಲಿ ಪಟ್ಟಣಗಳನ್ನು ಮರಳಿ ವಶಕ್ಕೆ ತೆಗೆದುಕೊಂಡಿತು. ಬಂಡುಕೋರರು ಹಳ್ಳಿಗಾಡಿಗೂ, ಅಲ್ಲಿಂದ ಗಡಿಯಾಚೆಯ ಅಂದಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಪ್ರದೇಶಕ್ಕೂ ಹಿಮ್ಮೆಟ್ಟಿ ಗೆರಿಲ್ಲಾ ಹೋರಾಟಕ್ಕೆ ತೊಡಗಿದರು.

ಯೋಜನೆಯ ಮೂಲ

ಚದುರಿದ ಹಳ್ಳಿಗಳಲ್ಲಿ ಬಂಡುಕೋರರನ್ನು ಸಾಮಾನ್ಯ ಜನರಿಂದ ಪ್ರತ್ಯೇಕಿಸುವುದು ಸೇನೆಗೆ ಕಷ್ಟವಾಗಿತ್ತು. ಇದಕ್ಕೆ ಪರಿಹಾರವಾಗಿ, ಬ್ರಿಟಿಷರು 1950ರಿಂದ ಮಲಯಾದಲ್ಲಿ 'ಬ್ರಿಗ್ಸ್ ಯೋಜನೆ'ಯಡಿ ಅನುಸರಿಸಿದ್ದ ಮಾದರಿಯನ್ನು ಆರಿಸಿಕೊಳ್ಳಲಾಯಿತು. ಅಲ್ಲಿ ಕಾಡಂಚಿನಲ್ಲಿ ನೆಲೆಸಿದ್ದ ಸುಮಾರು 5 ಲಕ್ಷ ಜನರನ್ನು 'ಹೊಸ ಗ್ರಾಮ'ಗಳಿಗೆ ಸ್ಥಳಾಂತರಿಸಲಾಗಿತ್ತು. ಅವರಲ್ಲಿ ಬಹುಪಾಲು ಜನ ಚೀನೀ ಮೂಲದವರು. ಮಿಜೋ ಜಿಲ್ಲೆಯಲ್ಲಿ ಕಾರ್ಯಾಚರಣೆ ಆರಂಭವಾದಾಗ ಲೆಫ್ಟಿನೆಂಟ್ ಜನರಲ್ ಸ್ಯಾಮ್ ಮಾಣೆಕ್‌ಷಾ ಅವರು ಸೇನೆಯ ಪೂರ್ವ ಕಮಾಂಡ್‌ನ ಮುಖ್ಯಸ್ಥರಾಗಿದ್ದರು.

ಮಲಯಾದ ಮಾದರಿ ಮತ್ತು ಮಿಜೋ ಬೆಟ್ಟಗಳ ಸ್ಥಿತಿಯ ನಡುವೆ ಮುಖ್ಯವಾದ ವ್ಯತ್ಯಾಸವಿತ್ತು. ಮಲಯಾದ ಹೊಸ ಗ್ರಾಮಗಳ ಅನೇಕರಿಗೆ ರಬ್ಬರ್ ತೋಟ ಮತ್ತು ತವರದ ಗಣಿಗಳಲ್ಲಿ ಕೂಲಿ ಕೆಲಸ ದೊರೆಯುತ್ತಿತ್ತು. ಝೂಮ್ ಬೇಸಾಯವನ್ನೇ ನಂಬಿದ್ದ ಮಿಜೋ ಜನರಿಗೆ ಭೂಮಿಯ ಹೊರತು ಬೇರೆ ಆಧಾರವಿರಲಿಲ್ಲ. ಮಲಯಾದಲ್ಲಿಯೂ ಕಾಡಿನ ಮೂಲನಿವಾಸಿಗಳಾದ ಒರಾಂಗ್ ಅಸ್ಲಿ ಜನರನ್ನು ಶಿಬಿರಗಳಿಗೆ ತಂದಾಗ ರೋಗರುಜಿನಗಳಿಂದ ಹಲವರು ಸತ್ತರು. ಆ ಕ್ರಮವನ್ನು ನಂತರ ಕೈಬಿಟ್ಟು, ಅವರು ವಾಸಿಸುವ ಕಾಡಿನಲ್ಲಿಯೇ ಠಾಣೆಗಳನ್ನು ಸ್ಥಾಪಿಸಲಾಯಿತು. ಭಾರತದೊಳಗೆ, ನಾಗಾ ಬೆಟ್ಟಗಳಲ್ಲಿಯೂ 1950ರ ದಶಕದಲ್ಲಿ ಹಳ್ಳಿಗಳನ್ನು ಗುಂಪುಗೂಡಿಸುವ ಪ್ರಯತ್ನ ನಡೆದು ನಿಂತುಹೋಗಿತ್ತು.

ಕಾರ್ಯಾಚರಣೆಯ ಹಂತಗಳು

ಮೊದಲ ಹಂತವು 1967ರ ಜನವರಿ 4ರಂದು ಆರಂಭವಾಯಿತು. ಅಸ್ಸಾಂ ಗಡಿಯ ವೈರೆಂಗ್ಟೆಯಿಂದ ಐಜ್ವಾಲ್ ಮತ್ತು ಲುಂಗ್ಲೈಗಳ ಮೂಲಕ ದಕ್ಷಿಣಕ್ಕೆ ಸಾಗುವ ಮುಖ್ಯ ರಸ್ತೆಯ ಎರಡೂ ಬದಿಯ ಹಳ್ಳಿಗಳನ್ನು ಇದಕ್ಕೆ ಆರಿಸಲಾಯಿತು. ಸುಮಾರು 52,000 ಜನರಿದ್ದ 106 ಹಳ್ಳಿಗಳನ್ನು ತೆರವುಗೊಳಿಸಿ, ರಸ್ತೆಗೆ ತಾಗಿದ 18 ಕೇಂದ್ರಗಳಲ್ಲಿ ನೆಲೆಗೊಳಿಸಲಾಯಿತು. ಇವುಗಳಿಗೆ 'ಸಂರಕ್ಷಿತ ಮತ್ತು ಪ್ರಗತಿಪರ ಗ್ರಾಮಗಳು' ಎಂಬ ಅಧಿಕೃತ ಹೆಸರಿತ್ತು. ಕೊಲಾಸಿಬ್, ಸೆರ್ಛಿಪ್ ಮತ್ತು ಹ್ನಾಥಿಯಾಲ್ ಇಂತಹ ಕೇಂದ್ರಗಳಾಗಿದ್ದು, ಇಂದು ಜಿಲ್ಲಾ ಕೇಂದ್ರಗಳಾಗಿವೆ.

ಈ ಹಂತವನ್ನು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ನಡೆಸಲಾಯಿತು. 1969 ಮತ್ತು 1970ರಲ್ಲಿ ಯೋಜನೆಯು ರಸ್ತೆಯಿಂದ ದೂರದ ಪ್ರದೇಶಗಳಿಗೂ ವಿಸ್ತರಿಸಿತು. 'ಹೊಸ ಗುಂಪು ಕೇಂದ್ರ', 'ಸ್ವಯಂಪ್ರೇರಿತ ಗುಂಪು ಕೇಂದ್ರ' ಮುಂತಾದ ಹೆಸರುಗಳಲ್ಲಿ ಮತ್ತಷ್ಟು ಕೇಂದ್ರಗಳು ಸ್ಥಾಪನೆಯಾದವು. ಇವುಗಳಿಗೆ ಅಸ್ಸಾಂನ 1953ರ ಸಾರ್ವಜನಿಕ ಸುವ್ಯವಸ್ಥೆ ಪಾಲನಾ ಕಾಯ್ದೆಯನ್ನು ಬಳಸಲಾಯಿತು. ನಂತರದ ಹಂತಗಳನ್ನು ಗುವಾಹಟಿಯ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು ಮತ್ತು ತಡೆಯಾಜ್ಞೆ ದೊರೆಯಿತು.

ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕದ ಪ್ರಕಾರ, ಜಿಲ್ಲೆಯಲ್ಲಿದ್ದ 764 ಹಳ್ಳಿಗಳ ಪೈಕಿ 516 ಹಳ್ಳಿಗಳನ್ನು ತೆರವುಗೊಳಿಸಿ 110 ಕೇಂದ್ರಗಳಲ್ಲಿ ಸೇರಿಸಲಾಯಿತು. 138 ಹಳ್ಳಿಗಳು ಮಾತ್ರ ಯೋಜನೆಯಿಂದ ಹೊರಗುಳಿದವು. ವಿದ್ವಾಂಸರ ಎಣಿಕೆಗಳಲ್ಲಿ ಕೇಂದ್ರಗಳ ಸಂಖ್ಯೆ ಅಲ್ಪಸ್ವಲ್ಪ ಬದಲಾಗುತ್ತದೆ.

ತೆರವಿನ ವಿಧಾನ

ಸೇನಾ ತುಕಡಿಯು ಹಳ್ಳಿಯನ್ನು ಸುತ್ತುವರಿದು, ಹೊರಡಲು ಅಲ್ಪಾವಧಿಯ ಗಡುವನ್ನು ನೀಡುತ್ತಿತ್ತು. ಜನರು ಬೆನ್ನ ಮೇಲೆ ಹೊರಬಹುದಾದಷ್ಟು ಸಾಮಾನುಗಳನ್ನು ಮಾತ್ರ ಒಯ್ಯಬಹುದಾಗಿತ್ತು. ತೆರವಾದ ಹಳ್ಳಿಯು ಬಂಡುಕೋರರಿಗೆ ನೆಲೆಯಾಗದಂತೆ ಮನೆಗಳಿಗೂ ಉಳಿದ ಧಾನ್ಯಕ್ಕೂ ಬೆಂಕಿ ಹಚ್ಚಲಾಗುತ್ತಿತ್ತು. ಮೊದಲ ಹಂತವು ಜನವರಿಯಲ್ಲಿ ಆರಂಭವಾದುದರಿಂದ ಅದರ ಹೊಡೆತ ಇಮ್ಮಡಿಯಾಯಿತು. ಆಗಷ್ಟೇ ಮುಗಿದ ಕೊಯ್ಲಿನ ಭತ್ತ ಕಣಜದಲ್ಲಿತ್ತು. ಮುಂದಿನ ವರ್ಷದ ಬೇಸಾಯಕ್ಕೆ ಕಾಡು ಕಡಿಯಬೇಕಾದ ಕಾಲವೂ ಅದೇ ಆಗಿತ್ತು.

ಮಿಜೋರಾಂನಲ್ಲಿ ಸೇವೆ ಸಲ್ಲಿಸಿದ ಆಡಳಿತಾಧಿಕಾರಿ ವಿಜೇಂದ್ರ ಸಿಂಗ್ ಜಾಫಾ ಅವರು ತಮ್ಮ ಪ್ರಬಂಧವೊಂದರಲ್ಲಿ ದಾರ್ಜೋ ಗ್ರಾಮದ ತೆರವನ್ನು ಅದರಲ್ಲಿ ಭಾಗವಹಿಸಿದ ಸೇನಾಧಿಕಾರಿಯ ಮಾತುಗಳಲ್ಲಿ ದಾಖಲಿಸಿದ್ದಾರೆ. ಗ್ರಾಮಸ್ಥರು ತಮ್ಮ ಮನೆಗಳಿಗೆ ತಾವೇ ಬೆಂಕಿಯಿಡಲು ಒಪ್ಪದಿದ್ದಾಗ ಸೈನಿಕರೇ ಹಳ್ಳಿಯನ್ನು ಸುಡಬೇಕಾಯಿತು. ಬಂಡುಕೋರರಿಂದ ರಕ್ಷಣೆ ಕೋರಿ ಗ್ರಾಮಸ್ಥರೇ ಸ್ಥಳಾಂತರವನ್ನು ಬಯಸಿದರೆಂಬ ಪತ್ರಕ್ಕೆ ಗ್ರಾಮದ ಮುಖಂಡರಿಂದ ಸಹಿ ಪಡೆಯಲಾಯಿತೆಂದೂ ಅದರಲ್ಲಿದೆ. ಕಾರ್ಯಾಚರಣೆಯಲ್ಲಿ ತೊಡಗಿದ್ದವರೇ ನೀಡಿದ ವಿವರಣೆಯಾದ್ದರಿಂದ ಈ ದಾಖಲೆಗೆ ಮಹತ್ವವಿದೆ.

ಕೇಂದ್ರಗಳಲ್ಲಿನ ಜೀವನ

ಕೇಂದ್ರಗಳ ಸುತ್ತ ಬೇಲಿ ಹಾಗೂ ಕಾವಲು ಠಾಣೆಗಳಿದ್ದವು. ನಿವಾಸಿಗಳಿಗೆ ಗುರುತಿನ ಚೀಟಿಗಳನ್ನು ನೀಡಿ, ಹಾಜರಿ ತೆಗೆದುಕೊಳ್ಳಲಾಗುತ್ತಿತ್ತು. ರಾತ್ರಿ ಕರ್ಫ್ಯೂ ಜಾರಿಯಲ್ಲಿರುತ್ತಿತ್ತು. ಹೊಲಕ್ಕೆ ಹೋಗುವವರು ಅನುಮತಿ ಪಡೆದು, ತಪಾಸಣೆಗೆ ಒಳಗಾಗಿ, ಸಂಜೆಯೊಳಗೆ ಮರಳಬೇಕಾಗಿತ್ತು. ಬೇರೆ ಬೇರೆ ಹಳ್ಳಿಗಳ ಜನರು ಇಕ್ಕಟ್ಟಾದ ಜಾಗದಲ್ಲಿ ತಾತ್ಕಾಲಿಕ ಗುಡಿಸಲುಗಳನ್ನು ಕಟ್ಟಿಕೊಂಡರು. ಸೇನೆಗೆ ಸಾಮಾನು ಹೊರುವ ಕೆಲಸವನ್ನು ಗ್ರಾಮಸ್ಥರಿಂದ ಮಾಡಿಸಲಾಗುತ್ತಿತ್ತು.

ಶಂಕಿತರನ್ನು ಗುರುತಿಸಲು ಮುಸುಕು ಹಾಕಿದ ಮಾಹಿತಿದಾರರನ್ನು ಬಳಸಲಾಗುತ್ತಿತ್ತು. ಜನರು ಅವರನ್ನು 'ಕೋಕ್ತು' (ಬೆರಳು ತೋರುವವ) ಎಂದು ಕರೆದರು. ಮತ್ತೊಂದೆಡೆ, ಮಾಹಿತಿದಾರರೆಂದು ಅನುಮಾನಿಸಿದವರನ್ನು ಎಂ.ಎನ್.ಎಫ್. ಕೊಲ್ಲುತ್ತಿತ್ತು ಮತ್ತು ಹಳ್ಳಿಗರಿಂದ ಅಕ್ಕಿ ಹಾಗೂ ಹಣವನ್ನು ವಸೂಲಿ ಮಾಡುತ್ತಿತ್ತು. ಹೀಗೆ ಸಾಮಾನ್ಯ ಜನರು ಎರಡೂ ಬಂದೂಕುಗಳ ನಡುವೆ ಸಿಲುಕಿದರು. ಚಿತ್ರಹಿಂಸೆ, ಅಕ್ರಮ ಬಂಧನ ಮತ್ತು ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಆ ಕಾಲದ ನೆನಪುಗಳಲ್ಲಿ ಮತ್ತು ಮನವಿಪತ್ರಗಳಲ್ಲಿ ದಾಖಲಾಗಿವೆ.

ಪರಿಣಾಮಗಳು

ಕೃಷಿ ಮತ್ತು ಆಹಾರ

ಯೋಜನೆಯ ಅತ್ಯಂತ ತೀವ್ರ ಪರಿಣಾಮ ಕಂಡುಬಂದದ್ದು ಆಹಾರೋತ್ಪಾದನೆಯಲ್ಲಿ. ಕರ್ಫ್ಯೂಗೆ ಮುನ್ನ ಮರಳಬೇಕಾದ ಕಾರಣ, ಒಂದೇ ದಿನದಲ್ಲಿ ನಡೆದು ಹೋಗಿ ಬರಬಹುದಾದ ದೂರದ ಭೂಮಿಯಲ್ಲಷ್ಟೇ ಬೇಸಾಯ ಸಾಧ್ಯವಾಯಿತು. ಹೊಲದ ಗುಡಿಸಲಿನಲ್ಲಿ ತಂಗುವಂತಿರಲಿಲ್ಲ. ಆದ್ದರಿಂದ ಬೆಳೆಯನ್ನು ಕಾಡುಪ್ರಾಣಿಗಳಿಂದ ಕಾಯುವವರೂ ಇರಲಿಲ್ಲ. ಅನೇಕ ಹಳ್ಳಿಗಳ ಜನರು ಒಂದೇ ಕೇಂದ್ರದ ಸುತ್ತಲಿನ ಕಾಡನ್ನು ಅವಲಂಬಿಸಬೇಕಾದಾಗ ಬೀಳುಬಿಡುವ ಅವಧಿ ಕಡಿಮೆಯಾಗಿ ಮಣ್ಣಿನ ಸಾರ ಕುಂದಿತು. ಅದೇ ಸಮಯದಲ್ಲಿ ತೆರವಾದ ಹಳ್ಳಿಗಳ ಭೂಮಿ ಪಾಳುಬಿದ್ದಿತು.

ಇದರಿಂದ ಸ್ವಾವಲಂಬಿಗಳಾಗಿದ್ದ ಕೃಷಿಕರು ಸರ್ಕಾರದ ಪಡಿತರವನ್ನು ನೆಚ್ಚುವಂತಾಯಿತು. ಈ ಸ್ಥಿತಿಯನ್ನು ಮೊದಲಿಗೆ ವಿವರವಾಗಿ ಅಧ್ಯಯನ ಮಾಡಿದವರಲ್ಲಿ ಸಂಶೋಧಕಿ ಅಮೃತಾ ರಂಗಸಾಮಿ ಒಬ್ಬರು. ಈ ಕುರಿತ ಅವರ ಲೇಖನವು 1978ರಲ್ಲಿ ಪ್ರಕಟವಾಯಿತು. ಬರಗಾಲದಿಂದ ಹುಟ್ಟಿದ ಅಸಮಾಧಾನವನ್ನು ಹತ್ತಿಕ್ಕಲು ಕೈಗೊಂಡ ಕ್ರಮವೇ ಆಹಾರದ ಕೊರತೆಗೆ ಕಾರಣವಾದುದು ಈ ಇತಿಹಾಸದ ವೈರುಧ್ಯ.

ಸಾಮಾಜಿಕ ವ್ಯವಸ್ಥೆ

ಮಿಜೋ ಸಮಾಜದಲ್ಲಿ ಹಳ್ಳಿಯು ಆಡಳಿತ, ಆರಾಧನೆ ಮತ್ತು ಪರಸ್ಪರ ನೆರವಿನ ಮೂಲ ಘಟಕವಾಗಿತ್ತು. ಸಮುದಾಯದ ಕೆಲಸಗಳನ್ನು ಎಲ್ಲರೂ ಕೂಡಿ ಮಾಡುವ 'ಹ್ನಾತ್ಲಾಂಗ್' ಪದ್ಧತಿಯೂ, ಪರರಿಗಾಗಿ ನಿಸ್ವಾರ್ಥದಿಂದ ದುಡಿಯಬೇಕೆಂಬ 'ತ್ಲೋಮ್‌ಙಾಯ್ಹ್‌ನಾ' ಎಂಬ ನೀತಿಯೂ ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗರ ನಂಬಿಕೆಯ ಮೇಲೆ ನಿಂತಿದ್ದವು. ಅಪರಿಚಿತರ ನಡುವೆ, ಮಾಹಿತಿದಾರರ ಭಯದಲ್ಲಿ ಬದುಕಬೇಕಾದಾಗ ಈ ನಂಬಿಕೆ ಸಡಿಲಗೊಂಡಿತು. ಗ್ರಾಮ ಮಂಡಳಿಗಳ ಅಧಿಕಾರವು ಕೇಂದ್ರದ ಆಡಳಿತಾಧಿಕಾರಿಗಳಿಗೂ ಸೇನಾ ಠಾಣೆಗಳಿಗೂ ಹೋಯಿತು. ಈ ಅವಧಿಯಲ್ಲಿ ಚರ್ಚ್‌ಗಳು ಜನರಿಗೆ ಆಸರೆಯಾಗಿ ಉಳಿದವು ಮತ್ತು ಮುಂದೆ ಶಾಂತಿ ಮಾತುಕತೆಗಳಿಗೆ ನೆರವಾದವು.

ನಗರೀಕರಣ

ಕೇಂದ್ರಗಳಿಗೆ ರಸ್ತೆ, ಶಾಲೆ ಮತ್ತು ಆಸ್ಪತ್ರೆಗಳು ಹತ್ತಿರವಾದವು. ಇದನ್ನು ಯೋಜನೆಯ ಸಮರ್ಥಕರು ಅಭಿವೃದ್ಧಿಯ ಲಾಭವೆಂದು ಪರಿಗಣಿಸಿದ್ದಾರೆ. ನಿರ್ಬಂಧಗಳು ಸಡಿಲವಾದ ಬಳಿಕ ಕೆಲವರು ಮೂಲ ಹಳ್ಳಿಗಳಿಗೆ ಮರಳಿದರು. ಅನೇಕರು ಕೇಂದ್ರಗಳಲ್ಲಿಯೇ ಉಳಿದರು ಅಥವಾ ಐಜ್ವಾಲ್‌ಗೆ ವಲಸೆ ಹೋದರು. ಜನಗಣತಿಯ ಪ್ರಕಾರ ನಗರವಾಸಿಗಳ ಪ್ರಮಾಣವು 1961ರಲ್ಲಿ ಶೇ. 5ರಷ್ಟಿದ್ದು, 1971ರಲ್ಲಿ ಶೇ. 11ಕ್ಕೂ, 1981ರಲ್ಲಿ ಸುಮಾರು ಶೇ. 25ಕ್ಕೂ, 1991ರಲ್ಲಿ ಶೇ. 46ಕ್ಕೂ ಏರಿತು. 2011ರಲ್ಲಿ ಅದು ಶೇ. 52ನ್ನು ದಾಟಿತು. ಕೈಗಾರಿಕೆಗಳಿಲ್ಲದೆ ಉಂಟಾದ ಈ ನಗರೀಕರಣದ ಮೂಲ ಕಾರಣಗಳಲ್ಲಿ ಗುಂಪುಗೂಡಿಕೆಯೂ ಒಂದೆಂದು ಸಂಶೋಧಕರು ಗುರುತಿಸುತ್ತಾರೆ.

ಸೈನಿಕ ಫಲಿತಾಂಶ

ರಸ್ತೆಯ ಬದಿಯ ಪ್ರದೇಶಗಳಲ್ಲಿ ಬಂಡುಕೋರರಿಗೆ ದೊರೆಯುತ್ತಿದ್ದ ನೆರವು ಕಡಿಮೆಯಾಯಿತು ಮತ್ತು ಸೇನೆಯ ಸಂಚಾರ ಸುರಕ್ಷಿತವಾಯಿತು. ಆದರೆ ಗಡಿಯಾಚೆಯ ನೆಲೆಗಳು 1971ರ ಯುದ್ಧದವರೆಗೂ ಉಳಿದುಕೊಂಡವು, ಬಂಡಾಯವು 1986ರವರೆಗೂ ಮುಂದುವರಿಯಿತು. ಸ್ಥಳಾಂತರದಿಂದ ಉಂಟಾದ ಕಹಿಯು ಸರ್ಕಾರದ ಬಗೆಗಿನ ಅಪನಂಬಿಕೆಯನ್ನು ಹೆಚ್ಚಿಸಿತೆಂಬ ಟೀಕೆಯೂ ಇದೆ.

ಕಾನೂನಿನ ದೃಷ್ಟಿ

ಬುಡಕಟ್ಟು ಜನರ ಕುರಿತಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆಯನ್ನು (1957) ಭಾರತವು 1958ರಲ್ಲಿ ಅಂಗೀಕರಿಸಿತ್ತು. ಅದರ 12ನೆಯ ವಿಧಿಯ ಪ್ರಕಾರ, ಇಂತಹ ಸಮುದಾಯಗಳನ್ನು ಅವರ ಮುಕ್ತ ಸಮ್ಮತಿಯಿಲ್ಲದೆ ಪಾರಂಪರಿಕ ನೆಲೆಗಳಿಂದ ತೆರವುಗೊಳಿಸಬಾರದು. ರಾಷ್ಟ್ರೀಯ ಭದ್ರತೆಯಂತಹ ಕಾರಣಗಳಿಗೆ ವಿನಾಯಿತಿ ಇದ್ದರೂ, ತೆರವುಗೊಂಡವರಿಗೆ ಮೊದಲಿದ್ದ ಭೂಮಿಗೆ ಕನಿಷ್ಠ ಸಮನಾದ ಗುಣಮಟ್ಟದ ಭೂಮಿಯನ್ನು ಒದಗಿಸಬೇಕು. ರಸ್ತೆಬದಿಯ ಕಿಕ್ಕಿರಿದ ಕೇಂದ್ರಗಳು ಈ ಷರತ್ತನ್ನು ಪೂರೈಸುವಂತಿರಲಿಲ್ಲ.

ನಂತರದ ವರ್ಷಗಳಲ್ಲಿ ಅಂತರರಾಷ್ಟ್ರೀಯ ನಿಯಮಗಳು ಇನ್ನಷ್ಟು ಸ್ಪಷ್ಟವಾದವು. 1977ರ ಜಿನೀವಾ ಒಪ್ಪಂದಗಳ ಎರಡನೆಯ ಹೆಚ್ಚುವರಿ ಪ್ರೋಟೋಕಾಲ್ ಆಂತರಿಕ ಸಂಘರ್ಷಗಳಲ್ಲಿ ನಾಗರಿಕರ ಬಲವಂತದ ಸ್ಥಳಾಂತರವನ್ನು ನಿರ್ಬಂಧಿಸುತ್ತದೆ. ಭಾರತವು ಇದಕ್ಕೆ ಸಹಿ ಹಾಕಿಲ್ಲ. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಯ 30ನೆಯ ವಿಧಿಯು, ಅವರ ನೆಲದಲ್ಲಿ ಸೈನಿಕ ಚಟುವಟಿಕೆ ನಡೆಸುವ ಮುನ್ನ ಅವರೊಡನೆ ಸಮಾಲೋಚಿಸಬೇಕೆಂದು ಹೇಳುತ್ತದೆ. ಭಾರತವು ಈ ಘೋಷಣೆಯ ಪರವಾಗಿ ಮತ ಚಲಾಯಿಸಿತು.

ಶಾಂತಿಯ ಹಾದಿ

1972ರ ಜನವರಿ 21ರಂದು ಮಿಜೋರಾಂ ಅಸ್ಸಾಂನಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾಯಿತು. ಸೇನೆಯಿಂದ ನಿವೃತ್ತರಾದ ಬ್ರಿಗೇಡಿಯರ್ ಥೆನ್‌ಫುಂಗಾ ಸೈಲೋ ಅವರು 1974ರಲ್ಲಿ ಮಾನವ ಹಕ್ಕುಗಳ ಸಮಿತಿಯನ್ನು ರಚಿಸಿ, ಸಶಸ್ತ್ರ ಪಡೆಗಳ ದೌರ್ಜನ್ಯಗಳ ಕುರಿತ ದೂರುಗಳನ್ನು ಕೇಂದ್ರ ಸರ್ಕಾರದ ಮುಂದಿಟ್ಟರು. ಮುಂದೆ ಅವರು ಮಿಜೋರಾಂನ ಮುಖ್ಯಮಂತ್ರಿಯಾದರು. ದೀರ್ಘ ಮಾತುಕತೆಯ ನಂತರ 1986ರ ಜೂನ್ 30ರಂದು ಮಿಜೋ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತು. 1987ರ ಫೆಬ್ರವರಿ 20ರಂದು ಮಿಜೋರಾಂ ಭಾರತದ 23ನೆಯ ರಾಜ್ಯವಾಯಿತು. ಸಂವಿಧಾನಕ್ಕೆ ಸೇರಿಸಲಾದ 371-ಜಿ ವಿಧಿಯ ಪ್ರಕಾರ, ಮಿಜೋ ಧಾರ್ಮಿಕ ಮತ್ತು ಸಾಮಾಜಿಕ ಆಚರಣೆಗಳು, ರೂಢಿಗತ ಕಾನೂನು ಹಾಗೂ ಭೂಮಿಯ ಒಡೆತನಕ್ಕೆ ಸಂಬಂಧಿಸಿದ ಸಂಸತ್ತಿನ ಕಾಯ್ದೆಗಳು ರಾಜ್ಯ ವಿಧಾನಸಭೆಯ ಒಪ್ಪಿಗೆಯಿಲ್ಲದೆ ಅಲ್ಲಿ ಅನ್ವಯಿಸುವುದಿಲ್ಲ.

ಪರಂಪರೆ ಮತ್ತು ಸ್ಮರಣೆ

ಗುಂಪುಗೂಡಿಕೆಯ ದುಃಖವನ್ನು ಕುರಿತು ಮಿಜೋ ಭಾಷೆಯಲ್ಲಿ ಹಾಡುಗಳು ರಚನೆಯಾದವು. ಘಟನೆಗಳ ಬಗ್ಗೆ ಬಹುಕಾಲ ಬಹಿರಂಗವಾಗಿ ಮಾತನಾಡದಿದ್ದ ಪೀಳಿಗೆಯ ನೆನಪುಗಳು ನಂತರದ ವರ್ಷಗಳಲ್ಲಿ ಆತ್ಮಕಥನ ಹಾಗೂ ಕಾದಂಬರಿಗಳಾಗಿ ಪ್ರಕಟವಾಗಿವೆ. ಮಾಲ್‌ಸಾಮಿ ಜೇಕಬ್ ಅವರ 'ಝೋರಾಮಿ' (2015) ಎಂಬ ಇಂಗ್ಲಿಷ್ ಕಾದಂಬರಿಯು ಬಂಡಾಯದ ಕಾಲವನ್ನು ಒಬ್ಬ ಮಹಿಳೆಯ ಬದುಕಿನ ಮೂಲಕ ಚಿತ್ರಿಸುತ್ತದೆ.

ಮೊದಲ ಹಂತದ ಕಾರ್ಯಾಚರಣೆ ಆರಂಭವಾದ ರಸ್ತೆಯ ತುದಿಯಲ್ಲಿರುವ ವೈರೆಂಗ್ಟೆಯಲ್ಲಿ ಇಂದು ಸೇನೆಯ ಬಂಡಾಯ ನಿಗ್ರಹ ಮತ್ತು ಅರಣ್ಯ ಯುದ್ಧ ತರಬೇತಿ ಶಾಲೆ ಇದೆ.

ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್ ಅವರು 2011ರ ಲೇಖನವೊಂದರಲ್ಲಿ ನಾಗಾ ಮತ್ತು ಮಿಜೋ ಬೆಟ್ಟಗಳ ಗುಂಪುಗೂಡಿಕೆಯನ್ನು, 2005ರ ನಂತರ ಛತ್ತೀಸ್‌ಗಢದ ಬಸ್ತರ್ ಪ್ರದೇಶದಲ್ಲಿ ನಡೆದ ಸಲ್ವಾ ಜುಡುಂ ಶಿಬಿರಗಳೊಂದಿಗೆ ಹೋಲಿಸಿ ಚರ್ಚಿಸಿದ್ದಾರೆ. ಅಲ್ಲಿಯೂ ಆದಿವಾಸಿ ಹಳ್ಳಿಗಳನ್ನು ತೆರವುಗೊಳಿಸಿ ಜನರನ್ನು ರಸ್ತೆಬದಿಯ ಶಿಬಿರಗಳಿಗೆ ತರಲಾಗಿತ್ತು. ಅನೇಕರು ನೆರೆಯ ಅಂದಿನ ಆಂಧ್ರಪ್ರದೇಶದ ಕಾಡುಗಳಿಗೆ ಓಡಿಹೋದರು. 2011ರ ಜುಲೈ 5ರಂದು ಸರ್ವೋಚ್ಚ ನ್ಯಾಯಾಲಯವು ಮಾವೋವಾದಿಗಳ ವಿರುದ್ಧದ ಕಾರ್ಯಾಚರಣೆಗೆ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳನ್ನಾಗಿ ನೇಮಿಸಿ ಶಸ್ತ್ರ ನೀಡುವುದು ಅಸಾಂವಿಧಾನಿಕವೆಂದು ತೀರ್ಪಿತ್ತಿತು.

ಇವನ್ನೂ ನೋಡಿ

ಮಿಜೋರಾಂ
ಮಿಜೋ ನ್ಯಾಷನಲ್ ಫ್ರಂಟ್
ಲಾಲ್‌ಡೆಂಗಾ
ಮೌತಾಮ್
ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ
ಸಲ್ವಾ ಜುಡುಂ
ಕುಮರಿ ಬೇಸಾಯ